ಗ್ರೀಕರಲ್ಲಿ ವಿದ್ಯೆಗೆ, ಹಾಡಿಗೆ ದೇವತೆ ಯಾರು?

ಭಿತ್ತಿಪತ್ರಿಕೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯ ಭಿತ್ತಿಪತ್ರಿಕೆಯ ಜವಾಬ್ದಾರಿಯೂ ನನ್ನದೇ. ಈ ಸಲ ಪ್ರಾಚೀನ ಗ್ರೀಸ್ ಬಗ್ಗೆ ಒಂಬತ್ತನೇ ತರಗತಿಯ ಮಕ್ಕಳಿಂದ ಬರೆಸುತ್ತಿದ್ದೇನೆ. ‘ಅಥೀನಾ: ಗ್ರೀಕರ ಸರಸ್ವತಿ’ ಅಂತ ಒಂದು ತಲೆಬರಹ ನಾನೇ ಕೊಟ್ಟಿದ್ದೆ. ಅದನ್ನು ಬರೆಯಬೇಕಾದ ಹುಡುಗಿ ನಿನ್ನೆ ಡ್ರಾಯಿಂಗ್ ಶೀಟಿನಲ್ಲಿ ಚಿತ್ರ ಬಿಡಿಸಿಕೊಂಡು ಬಂದಳು. ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಈಟಿ, ಪಕ್ಕದಲ್ಲಿ ಗೂಬೆ. ಚೆನ್ನಾಗಿದೆ ಕಣಮ್ಮ ಅಂದೆ. ಅವಳು ಹೋಗಲಿಲ್ಲ. “ಸರ್, ಸರಸ್ವತಿ ಕೈಯಲ್ಲಿ ವೀಣೆ ಇರುತ್ತಲ್ಲ. ಇವಳು ಹಾಡ್ತಾಳಾ?” ಅಂತ ಕೇಳಿದಳು.

ನನಗೆ ಉತ್ತರ ಗೊತ್ತಿರಲಿಲ್ಲ. ನೋಡಿ ಹೇಳ್ತೀನಿ ಅಂದಿದ್ದೇನೆ. ಶನಿವಾರ ಹಾಳೆ ಅಂಟಿಸಬೇಕು. ತಿಳಿದವರು ದಯವಿಟ್ಟು ಹೇಳಿ. ಮಕ್ಕಳಿಗೆ ತಪ್ಪು ಕಲಿಸಬಾರದು ಅನ್ನುವುದೊಂದೇ ನನ್ನ ಆಸೆ.

ಗ್ರೀಕ್ ಓದುಗಿ

ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಶಹಬ್ಬಾಸ್ ತಿಳಿಸಿ. ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾಳೆ.

ಅಥೀನಾ ಹಾಡುವವಳಲ್ಲ. ಅವಳದು ಕೈಕೆಲಸದ ಬುದ್ಧಿ, ಯುದ್ಧದಲ್ಲಿ ಹೂಡುವ ಉಪಾಯದ ಬುದ್ಧಿ. ಮಗ್ಗ ಅವಳದು, ಬಡಗಿಯ ಉಳಿ ಅವಳದು. ಟ್ರಾಯ್ ಪಟ್ಟಣವನ್ನು ಕೆಡವಿದ ಮರದ ಕುದುರೆಯನ್ನು ಎಪಿಯೋಸ್ ಅನ್ನುವವನು ಮಾಡಿದ್ದು ಅವಳ ನೆರವಿನಿಂದ ಅಂತ ಹೋಮರ್ ಕವಿಯ ಒಡಿಸ್ಸಿ ಕಾವ್ಯದಲ್ಲಿ ಬರುತ್ತದೆ. ಸಂಗೀತದ ವಿಷಯದಲ್ಲಿ ಅವಳ ಬಗ್ಗೆ ಹೆಸರಾದ ಕತೆ ಅಂದರೆ, ಆಲೋಸ್ ಅನ್ನುವ ಜೋಡಿ ಕೊಳಲನ್ನು ಅವಳೇ ಮಾಡಿದಳಂತೆ, ಊದುವಾಗ ಕೆನ್ನೆ ಉಬ್ಬಿ ಮುಖ ಕೆಡುತ್ತದೆ ಅಂತ ಗೊತ್ತಾಗಿ ಬಿಸಾಡಿದಳಂತೆ. ಅದನ್ನು ಮಾರ್ಸಿಯಾಸ್ ಅನ್ನುವ ಕಾಡುದೈವ ಎತ್ತಿಕೊಂಡ. ಹುಡುಗಿಯ ಪ್ರಶ್ನೆಗೆ ಇಷ್ಟೇ ಉತ್ತರ: ವಾದ್ಯ ಮಾಡಿದಳು, ನುಡಿಸಲು ಒಲ್ಲೆ ಅಂದಳು.

ಹಾಡು, ಕತೆ, ಕಲಿಕೆ, ಕವಿಯ ಬಾಯಿಗೆ ಬರುವ ಮಾತು, ಇದೆಲ್ಲ ಮ್ಯೂಸ್ ದೇವಿಯರದು. ಗ್ರೀಕಿನಲ್ಲಿ ಒಬ್ಬಳಾದರೆ ಮೂಸಾ, ಹಲವರಾದರೆ ಮೂಸೈ. ತಂದೆ ದೇವತೆಗಳ ಅರಸ ಜ್ಯೂಸ್. ತಾಯಿ ಮ್ನೆಮೊಸಿನೆ. ಮ್ನೆಮೊಸಿನೆ ಅಂದರೆ ನೆನಪು. ಒಂಬತ್ತು ರಾತ್ರಿ ಜ್ಯೂಸ್ ಅವಳ ಜೊತೆಗಿದ್ದ, ಒಲಿಂಪಸ್ ಬೆಟ್ಟದ ಹತ್ತಿರ ಪಿಯೆರಿಯಾದಲ್ಲಿ ಒಂಬತ್ತು ಹೆಣ್ಣುಮಕ್ಕಳು ಹುಟ್ಟಿದರು. ಭಿತ್ತಿಪತ್ರಿಕೆಯಲ್ಲಿ ಒಂದೇ ವಾಕ್ಯಕ್ಕೆ ಜಾಗ ಇದೆ ಅನ್ನುವುದಾದರೆ ಇದನ್ನೇ ಬರೆಸಿ: ಗ್ರೀಕರ ಪ್ರಕಾರ ಹಾಡು ನೆನಪಿನ ಮಗಳು.

ಧಾರವಾಡದಾಕಿ

ನಾವು ಕ್ವಿಝ್‌ಗೆ ಬಾಯಿಪಾಠ ಮಾಡಿದ್ವಿ ನೋಡ್ರಿ. ಕ್ಲಿಯೋ ಇತಿಹಾಸಕ್ಕ, ಯುರಾನಿಯಾ ಖಗೋಳಕ್ಕ, ಮೆಲ್ಪೊಮೆನೆ ದುರಂತ ನಾಟಕಕ್ಕ, ಥಾಲಿಯಾ ನಗೆನಾಟಕಕ್ಕ, ಟೆರ್ಪ್ಸಿಕೊರೆ ಕುಣಿತಕ್ಕ. ಮೇಷ್ಟ್ರು ಈ ಪಟ್ಟೀನ ಹಾಕಿದ್ರ ಸಾಲದೇನು? ಮಕ್ಕಳಿಗೂ ಹಗುರ ಆಗ್ತದ.

ಗ್ರೀಕ್ ಓದುಗಿ

ಪಟ್ಟಿ ಹಾಕಲಿ, ತಪ್ಪೇನಿಲ್ಲ. ಆದರೆ ಅದು ಎಷ್ಟು ತಡವಾಗಿ ಬಂದದ್ದು ಅಂತಲೂ ಒಂದು ಸಾಲು ಇರಲಿ ಅಕ್ಕ. ಒಂಬತ್ತು ಹೆಸರನ್ನು ಹೇಳುವ ಹಳೆಯ ಕವಿ ಹೆಸಿಯೋಡ್, ಕ್ರಿ.ಪೂ. 700ರ ಆಸುಪಾಸಿನವನು. ಅವನು ಹೆಸರುಗಳನ್ನಷ್ಟೇ ಹೇಳುತ್ತಾನೆ, ಯಾರಿಗೆ ಯಾವ ಖಾತೆ ಅಂತ ಹಂಚುವುದಿಲ್ಲ. ಒಂಬತ್ತೂ ಜನ ಒಟ್ಟಿಗೆ ಕುಣಿಯುತ್ತಾರೆ, ಒಟ್ಟಿಗೆ ಹಾಡುತ್ತಾರೆ. ಕಲಿಯೋಪೆ ಎಲ್ಲರಿಗಿಂತ ಮಿಗಿಲು ಅಂತ ಮಾತ್ರ ಸೇರಿಸುತ್ತಾನೆ. ಖಾತೆ ಹಂಚಿಕೆ ಗಟ್ಟಿಯಾದದ್ದು ಅವನಿಂದ ಎಷ್ಟೋ ನೂರು ವರ್ಷಗಳ ಮೇಲೆ, ರೋಮನ್ನರ ಕಾಲಕ್ಕೆ.

ಸಂಖ್ಯೆಯೂ ಎಲ್ಲ ಕಡೆ ಒಂಬತ್ತಲ್ಲ. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿ ಬರೆದ ಪೌಸಾನಿಯಸ್, ಹೆಲಿಕಾನ್ ಬೆಟ್ಟದಲ್ಲಿ ಮೊದಮೊದಲು ಮೂವರೇ ಮ್ಯೂಸ್ ಇದ್ದರು ಅನ್ನುತ್ತಾನೆ. ಮೆಲೆಟೆ, ಮ್ನೆಮೆ, ಆಯ್ಡೆ. ಕನ್ನಡದಲ್ಲಿ ಹೇಳುವುದಾದರೆ ಅಭ್ಯಾಸ, ನೆನಪು, ಹಾಡು. ನನಗೆ ಒಂಬತ್ತರ ಪಟ್ಟಿಗಿಂತ ಈ ಮೂರು ಹೆಸರು ಹೆಚ್ಚು ಇಷ್ಟ. ಪಾಠ ಹೇಳಿಸಿಕೊಂಡ ಯಾರಿಗೇ ಆಗಲಿ ಈ ಕ್ರಮ ಗೊತ್ತು. ಮೊದಲು ತಿದ್ದಿ ತಿದ್ದಿ ಹೇಳಬೇಕು, ಆಮೇಲೆ ನೆನಪಲ್ಲಿ ಕೂರಬೇಕು, ಆಮೇಲಷ್ಟೇ ಹಾಡು.

ಕಡಲತಡಿ

ಹೆಸಿಯೋಡ್ ಬಗ್ಗೆ ಇನ್ನೂ ಸ್ವಲ್ಪ ಹೇಳಿ ಮೇಡಂ. ಅವನಿಗೆ ಮ್ಯೂಸ್ ದೇವಿಯರು ಪ್ರತ್ಯಕ್ಷ ಆದರು ಅಂತ ಎಲ್ಲೋ ಓದಿದ್ದೆ.

ಗ್ರೀಕ್ ಓದುಗಿ

ಹೇಳುತ್ತೇನೆ, ಇದು ನನಗೆ ತುಂಬ ಹತ್ತಿರದ ಭಾಗ.

ಹೆಸಿಯೋಡನ ಊರು ಬಿಯೋಷಿಯಾ ಸೀಮೆಯ ಅಸ್ಕ್ರಾ, ಹೆಲಿಕಾನ್ ಬೆಟ್ಟದ ಬುಡದಲ್ಲಿ. ಅಪ್ಪ ಬಡತನ ತಾಳಲಾರದೆ ಸಮುದ್ರದಾಚೆಯ ಕೀಮೆಯಿಂದ ಬಂದು ಅಲ್ಲಿ ನೆಲೆಸಿದ್ದ. ಆ ಊರನ್ನು ಮಗ ಹೊಗಳುವುದಿಲ್ಲ. ಚಳಿಗಾಲದಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ಕಷ್ಟದ್ದು, ಯಾವ ಕಾಲಕ್ಕೂ ಒಳ್ಳೆಯದಲ್ಲ ಅಂತ ಬರೆದಿದ್ದಾನೆ. ಅಂಥ ಊರಿನ ಬೆಟ್ಟದಲ್ಲಿ ಕುರಿಮರಿ ಮೇಯಿಸುತ್ತಿದ್ದವನ ಮುಂದೆ ದೇವಿಯರು ಬಂದರು. ಅವರು ಬೆಟ್ಟದ ಮೇಲಿನ ತೊರೆಯಲ್ಲಿ ಮಿಂದು, ಜ್ಯೂಸ್‌ನ ಬಲಿಪೀಠದ ಸುತ್ತ ಕುಣಿದು, ರಾತ್ರಿ ಹೊತ್ತು ಮಂಜು ಹೊದ್ದು ಇಳಿದು ಬರುವವರು. ಬಂದವರು ಒಳ್ಳೆಯ ಮಾತೇನೂ ಆಡಲಿಲ್ಲ. ಅವನನ್ನೂ ಅವನಂಥವರನ್ನೂ ಬರೀ ಹೊಟ್ಟೆಗಳೇ ಅಂತ ಬೈದರು. ಆಮೇಲೆ ಹೇಳಿದ ಮಾತಿನ ಸಾರ ಇದು: ನಿಜದ ಹಾಗೆ ಕಾಣುವ ಸುಳ್ಳನ್ನು ಬೇಕಾದಷ್ಟು ಹೇಳಬಲ್ಲೆವು, ಮನಸ್ಸು ಬಂದರೆ ನಿಜವನ್ನೂ ಹೇಳಬಲ್ಲೆವು.

ಅಷ್ಟು ಹೇಳಿ, ಲಾರೆಲ್ ಗಿಡದ ಕೊಂಬೆ ಮುರಿದು ಕೋಲಾಗಿ ಅವನ ಕೈಗೆ ಕೊಟ್ಟರು, ಅವನೊಳಗೆ ದನಿ ಊದಿದರು. ಥಿಯೊಗನಿ ಅನ್ನುವ ಅವನ ಕಾವ್ಯ ಸಾವಿರ ಚಿಲ್ಲರೆ ಸಾಲಿನದು. ಅದರಲ್ಲಿ ಮೊದಲ 115 ಸಾಲು ಇವರಿಗೇ ಮೀಸಲು. ಮುಂದೆ ಯೂಬಿಯಾ ದ್ವೀಪದ ಕಾಲ್ಕಿಸ್‌ನಲ್ಲಿ ಹಾಡಿ ಗೆದ್ದ ಮುಕ್ಕಾಲಿ ಪಾತ್ರೆಯನ್ನು ತಂದು ಹೆಲಿಕಾನಿನ ದೇವಿಯರಿಗೇ ಒಪ್ಪಿಸಿದೆ ಅನ್ನುತ್ತಾನೆ. ತನಗೆ ದನಿ ಸಿಕ್ಕಿದ ಜಾಗಕ್ಕೇ ಒಯ್ದು ಇಟ್ಟಿದ್ದಾನೆ ನೋಡಿ.

ನಿಜವನ್ನೂ ಸುಳ್ಳನ್ನೂ ಒಂದೇ ಬಾಯಲ್ಲಿ ಹೇಳಬಲ್ಲೆವು ಅಂತ ದೇವತೆಗಳ ಕೈಲೇ ಹೇಳಿಸಿದ ಕವಿ ಅವನು. ಕವಿತೆ ಅನ್ನುವುದರ ಬಗ್ಗೆ ಅಷ್ಟು ಹಿಂದೆ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದವರು ಕಡಿಮೆ.

ಊರಾಚೆ ಓದುಗ

ಇಷ್ಟೆಲ್ಲ ಯಾಕೆ? ಒಂಬತ್ತು ರಾತ್ರಿ ಅಂದರೆ ನವರಾತ್ರಿ. ಹಾಡಿನ ದೇವಿ ಅಂದರೆ ಶಾರದೆ. ನಮ್ಮ ಸರಸ್ವತಿಯೇ ಅಲ್ಲಿಗೆ ಹೋಗಿ ಒಂಬತ್ತಾಗಿದ್ದಾಳೆ. ಮೇಷ್ಟ್ರು ಹಾಗೇ ಬರೆಯಬಹುದು.

ಸಂಸ್ಕೃತ ವಿದ್ಯಾರ್ಥಿ

ಹಾಗೆ ಬರೆಯಬೇಡಿ ಮೇಷ್ಟ್ರೇ, ಕೈ ಮುಗಿದು ಕೇಳಿಕೊಳ್ಳುತ್ತೇನೆ. ಒಂಬತ್ತು ಅನ್ನುವ ಅಂಕಿ ಎರಡು ಕಡೆ ಸಿಕ್ಕಿತು ಅಂತ ದೇವತೆಯನ್ನು ಊರು ಬಿಡಿಸಬಾರದು. ಸರಸ್ವತಿ ಋಗ್ವೇದದಲ್ಲಿ ನದಿ. ಮ್ಯೂಸ್ ದೇವಿಯರು ಬೆಟ್ಟದ ತೊರೆಯ ಪಕ್ಕ ಕುಣಿಯುವ ಅಕ್ಕತಂಗಿಯರ ಮೇಳ. ಅವರವರ ಕತೆ ಅವರವರಿಗಿದೆ.

ನಿಜವಾದ ನಂಟು ಬೇಕಿದ್ದರೆ ಅದು ಮಾತಿನ ಬೇರಿನಲ್ಲಿದೆ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಮನೆತನದ ಭಾಷೆಗಳು. ಹೋಮರನ ವೀರರು ಪ್ರಾಣ ಕೊಡುವುದು ಕ್ಲೆಯೋಸ್‌ಗಾಗಿ. ಕ್ಲೆಯೋಸ್ ಅಂದರೆ ಕಿವಿಗೆ ಬಿದ್ದ ಕೀರ್ತಿ. ಸಂಸ್ಕೃತದ ಶ್ರವಸ್ ಅದರದೇ ಒಡಹುಟ್ಟು, ಶ್ರುತಿ, ಶ್ರವಣ ಎಲ್ಲ ಆ ಬೇರಿನವು. ಅವನ ಇಲಿಯಡ್ ಕಾವ್ಯದಲ್ಲಿ ಕ್ಲೆಯೋಸ್ ಆಫ್ಥಿಟೋನ್ ಅಂತ ಬರುತ್ತದೆ, ಋಗ್ವೇದದಲ್ಲಿ ಶ್ರವಸ್ಸು ಅಕ್ಷಿತ ಅಂತ ಬರುತ್ತದೆ. ಎರಡರ ಅರ್ಥವೂ ಸವೆಯದ ಕೀರ್ತಿ. ಜರ್ಮನಿಯ ಭಾಷಾ ವಿದ್ವಾಂಸ ಆಡಾಲ್ಬರ್ಟ್ ಕೂನ್ ಇವೆರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದು 1853ರಲ್ಲಿ. ನಿಮ್ಮ ಪಟ್ಟಿಯ ಕ್ಲಿಯೋ ಹೆಸರಿನಲ್ಲಿರುವುದೂ ಇದೇ ಬೇರು.

ಇನ್ನೊಂದು. ಮ್ನೆಮೊಸಿನೆ, ಮ್ನೆಮೆ ಅನ್ನುವ ಹೆಸರುಗಳಲ್ಲಿರುವ ‘ಮ್ನೆ’ಗೆ ಸಂಸ್ಕೃತದಲ್ಲಿ ಒಡಹುಟ್ಟು ‘ಮ್ನಾ’ ಧಾತು. ಸಂಸ್ಕೃತ ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠದಲ್ಲಿ ಅದಕ್ಕೆ ಕೊಟ್ಟ ಅರ್ಥ ‘ಅಭ್ಯಾಸೇ’. ಮತ್ತೆ ಮತ್ತೆ ಹೇಳಿ ಗಟ್ಟಿಮಾಡಿಕೊಳ್ಳುವುದು. ಅದರಿಂದಲೇ ‘ಆಮ್ನಾಯ’ ಬಂತು, ಅಂದರೆ ಬಾಯಿಂದ ಬಾಯಿಗೆ ಬಂದ ವೇದ, ಸಂಪ್ರದಾಯ. ಶೃಂಗೇರಿಯ ಪೀಠದ ಪೂರ್ತಿ ಹೆಸರು ನೆನಪು ಮಾಡಿಕೊಳ್ಳಿ: ದಕ್ಷಿಣಾಮ್ನಾಯ ಶಾರದಾ ಪೀಠ. ಗ್ರೀಕರ ಮ್ಯೂಸ್‌ಗಳ ತಾಯಿಯ ಹೆಸರಿನ ಬೇರು ತುಂಗೆಯ ದಡದಲ್ಲಿ ಶಾರದೆಯ ಹೆಸರಿನ ಪಕ್ಕದಲ್ಲೇ ಕೂತಿದೆ. ಇದು ಸಾಕಲ್ಲವೇ? ದೇವಿಯನ್ನು ಸಮುದ್ರ ದಾಟಿಸುವ ಅಗತ್ಯವೇ ಇಲ್ಲ.

ಊರಾಚೆ ಓದುಗ

ಒಪ್ಪಿದೆ. ಆಮ್ನಾಯದ ವಿಷಯ ನನಗೆ ತಿಳಿದಿರಲಿಲ್ಲ. ಶೃಂಗೇರಿಗೆ ಎಷ್ಟೋ ಸಲ ಹೋಗಿದ್ದೇನೆ, ಆ ಪದದ ಅರ್ಥ ಒಮ್ಮೆಯೂ ಕೇಳಲಿಲ್ಲ.

ಮಾದಪ್ಪನ ಸೀಮೆ

ನಾನು ಗ್ರೀಕ್ ಓದಿದವನಲ್ಲ. ಆದರೂ ಒಂದು ಕೇಳಬೇಕು. ನಮ್ಮ ಕಡೆ ದೇವರಗುಡ್ಡರು ರಾತ್ರಿಯಿಡೀ ಮಾದಪ್ಪನ ಕತೆ ಹಾಡ್ತಾರೆ. ಪುಸ್ತಕ ಇಲ್ಲ, ಚೀಟಿ ಇಲ್ಲ. ಸಣ್ಣವನಿದ್ದಾಗ ನಮ್ಮ ಬೀದಿಯಲ್ಲಿ ಕತೆ ಇಟ್ಟಿದ್ದರು. ನಡುರಾತ್ರಿಯಲ್ಲಿ ಹಾಡ್ತಿದ್ದ ತಾತ ಒಂದು ಕಡೆ ತಡೆದು ನಿಂತ. ಕಂಸಾಳೆ ತಟ್ಟೋದು ನಿಲ್ಲಲಿಲ್ಲ. ಹಿಮ್ಮೇಳದವರು ಅದೇ ಸೊಲ್ಲನ್ನು ಮೂರು ಸಲ ಎಳೆದರು. ತಾತ ಕಣ್ಣು ಮುಚ್ಚಿಕೊಂಡು ಮಾದಪ್ಪನ ಹೆಸರು ಹಿಡಿದ, ಕತೆ ಬಂತು. ಅವತ್ತು ಮಾದಪ್ಪನೇ ಬಂದು ಹೇಳಿಕೊಟ್ಟ ಅಂತ ನಮ್ಮವ್ವ ಹೇಳಿದಳು, ನಾನು ಇವತ್ತಿಗೂ ಹಂಗೇ ನಂಬಿದ್ದೀನಿ. ಗ್ರೀಕರ ಕವಿಗಳು ಮ್ಯೂಸ್‌ನ ಕರೆಯೋದು ಇದಕ್ಕೇನಾ?

ಗ್ರೀಕ್ ಓದುಗಿ

ಅಣ್ಣಾ, ಇದಕ್ಕೇ. ನೀವು ಹೇಳಿದ್ದನ್ನು ಓದಿ ಮೈ ಜುಮ್ಮೆಂದಿತು.

ಇಲಿಯಡ್‌ನ ಎರಡನೇ ಭಾಗದಲ್ಲಿ ಅಂಥದೇ ಒಂದು ಜಾಗ ಇದೆ. ಟ್ರಾಯ್‌ಗೆ ಹೋದ ಹಡಗುಗಳ ಪಟ್ಟಿ ಹೇಳಬೇಕು. 29 ಪಡೆ, 1186 ಹಡಗು, ಊರೂರಿನ ಹೆಸರು, ಒಡೆಯರ ಹೆಸರು, ಅವರ ಅಪ್ಪಂದಿರ ಹೆಸರು. 260ಕ್ಕೂ ಹೆಚ್ಚು ಸಾಲು. ಶುರುಮಾಡುವ ಮುಂಚೆ ಹೋಮರ್ ನಿಂತು ಮ್ಯೂಸ್‌ಗಳನ್ನು ಕರೆಯುತ್ತಾನೆ. ನೀವು ದೇವಿಯರು, ಅಲ್ಲೇ ಇದ್ದವರು, ಎಲ್ಲ ಬಲ್ಲವರು, ನಾವು ಕೇಳಿದ ಸುದ್ದಿಯಷ್ಟನ್ನೇ ಬಲ್ಲೆವು ಅನ್ನುತ್ತಾನೆ. ಹತ್ತು ನಾಲಿಗೆ, ಹತ್ತು ಬಾಯಿ ಇದ್ದರೂ ನೀವು ನೆನಪಿಸದೆ ಹೇಳಲಾರೆ ಅನ್ನುತ್ತಾನೆ. ‘ನೆನಪಿಸದೆ’ ಅನ್ನುವ ಮಾತನ್ನು ಗಮನಿಸಿ. ಅವನು ಕೇಳುತ್ತಿರುವುದು ಹೊಸ ಕಲ್ಪನೆಯನ್ನಲ್ಲ, ಕಣ್ಣಾರೆ ಕಂಡವರ ಸಾಕ್ಷಿಯನ್ನು. ಸ್ಫೂರ್ತಿ ಅಂದಾಗ ನಾವೆಲ್ಲ ತಟ್ಟನೆ ಹೊಳೆಯುವುದು ಅಂತ ತಿಳಿದುಕೊಂಡಿದ್ದೇವೆ. ಹೋಮರನಿಗೆ ಅದು ಆಗಿಹೋದದ್ದನ್ನು ಮರೆಯದೆ ಹೇಳುವ ಶಕ್ತಿ.

ಅದೇ ಪಟ್ಟಿಯ ನಡುವೆ ಥಾಮಿರಿಸ್ ಅನ್ನುವ ಹಾಡುಗಾರನ ಕತೆ ಬರುತ್ತದೆ. ಮ್ಯೂಸ್‌ಗಳೇ ಹಾಡಿದರೂ ನಾನು ಗೆಲ್ಲುತ್ತೇನೆ ಅಂದ. ದೇವಿಯರು ಅವನ ಮೈಗೆ ಊನ ತಂದರು, ಹಾಡು ಕಿತ್ತುಕೊಂಡರು, ಕಿಥಾರಾ ಅನ್ನುವ ತಂತಿವಾದ್ಯ ನುಡಿಸುವುದನ್ನು ಮರೆಸಿಬಿಟ್ಟರು. ಹಾಡುಗಾರನಿಗೆ ಮರೆವಿಗಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ನಿಮ್ಮ ತಾತ ಕಣ್ಣು ಮುಚ್ಚಿದ ಆ ಒಂದು ಗಳಿಗೆಯ ಭಯ ಇದೇ ಇರಬೇಕು.

ಧಾರವಾಡದಾಕಿ

ನನಗೊಂದು ಗಂಟು ಬಿಡಿಸಿ ಹೇಳ್ರಿ. ತಾಯಿ ನೆನಪು ಅಂತೀರಿ. ಹಂಗಾದ್ರ ದುಃಖಾನೂ ನೆನಪಿಸ್ತಾರ್ರೀ ಇವರು? ಕಳದ ವರ್ಷ ನಮ್ಮ ಅಪ್ಪ ತೀರಿಕೊಂಡ್ರು. ಮೂರು ತಿಂಗಳ ನಾನು ರೇಡಿಯೋ ಹಚ್ಚಲಿಲ್ಲ. ಅಪ್ಪಗ ಪ್ರೀತಿ ಇದ್ದ ವಚನ ಎಲ್ಲೆರ ಕೇಳಿಬಂದೀತು ಅನ್ನೋ ಅಂಜಿಕಿ. ಒಂದಿನ ಬಾಜೂಮನಿಯಾಗ ಹಚ್ಚಿದ್ರು, ಅದ ವಚನ. ಗ್ಯಾಸ್ ಆರಿಸಿ ನಿಂತು ಕೇಳಿದೆ. ಅತ್ತೆ. ಮುಗಿಯೋದ್ರಾಗ ಎದಿ ಹಗುರ ಆಗಿತ್ತು. ಹಿಂಗ್ಯಾಕ ಆಗ್ತದ?

ಗ್ರೀಕ್ ಓದುಗಿ

ಅಕ್ಕಾ, ನಿಮ್ಮ ಪ್ರಶ್ನೆ ಹೆಸಿಯೋಡನಲ್ಲೇ ಇದೆ. ನೆನಪಿನ ತಾಯಿ ಈ ಮಕ್ಕಳನ್ನು ಹೆತ್ತದ್ದು ಯಾತಕ್ಕೆ ಅಂತ ಹೇಳುವಾಗ, ಕೇಡುಗಳ ಮರೆವಿಗಾಗಿ, ಚಿಂತೆಯಿಂದ ಬಿಡುವಿಗಾಗಿ ಅನ್ನುತ್ತಾನೆ. ಬೇಕಂತಲೇ ನೆನಪು, ಮರೆವು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾನೆ. ಇನ್ನೂ ಕೆಳಗೆ ಬಂದು, ಎದೆಯಲ್ಲಿ ಹಸಿ ದುಃಖ ಇಟ್ಟುಕೊಂಡು ಒಣಗಿಹೋದವನು ಮ್ಯೂಸ್‌ಗಳ ಸೇವಕನ ಬಾಯಲ್ಲಿ ಹಿಂದಿನವರ ಕತೆ ಕೇಳಿದರೆ, ಸ್ವಲ್ಪ ಹೊತ್ತಿಗೆ ತನ್ನ ನೋವನ್ನು ಮರೆಯುತ್ತಾನೆ ಅಂತಲೂ ಹೇಳುತ್ತಾನೆ. ಹಿಂದಿನವರನ್ನು ನೆನೆಯುತ್ತ ಇಂದಿನ ನೋವಿಗೆ ಬಿಡುವು. ನಿಮ್ಮ ಅಡುಗೆಮನೆಯಲ್ಲಿ ಆದದ್ದೂ ಅದೇ ಅಂತ ನನಗನ್ನಿಸುತ್ತದೆ.

ಧಾರವಾಡದಾಕಿ

ಓದಿ ಕಣ್ಣು ತುಂಬಿ ಬಂತ್ರಿ.

ಸೇನ್ ನದಿ ಪಕ್ಕ

ತಡವಾಗಿ ನೋಡಿದೆ. ನಾನು ಪ್ಯಾರಿಸ್‌ನಲ್ಲಿರುವ ಕನ್ನಡಿಗ. ಲೂವ್ರ್ ಮ್ಯೂಸಿಯಂನಲ್ಲಿ ಒಂಬತ್ತು ಮ್ಯೂಸ್‌ಗಳನ್ನು ಸಾಲಾಗಿ ಕೆತ್ತಿದ ಅಮೃತಶಿಲೆಯ ಶವಪೆಟ್ಟಿಗೆ ಇದೆ. ರೋಮ್‌ನವರ ಕೆಲಸ, ಕ್ರಿ.ಶ. 2ನೇ ಶತಮಾನದ್ದು. ಅದರ ಮುಂದೆ ನಾನು ತುಂಬ ಹೊತ್ತು ನಿಂತಿದ್ದೇನೆ. ಒಬ್ಬಳ ಕೈಯಲ್ಲಿ ಸುರುಳಿ, ಇನ್ನೊಬ್ಬಳ ಕೈಯಲ್ಲಿ ನಗುವ ಮುಖವಾಡ, ಯುರಾನಿಯಾ ಹತ್ತಿರ ಗೋಳ. ಪಾಲಿಹಿಮ್ನಿಯಾ ಕೈಯಲ್ಲಿ ಏನೂ ಇಲ್ಲ. ಮೈತುಂಬ ಸೆರಗು ಹೊದ್ದು, ಮೊಣಕೈ ಊರಿ, ಗಲ್ಲಕ್ಕೆ ಕೈ ಕೊಟ್ಟು ಸುಮ್ಮನೆ ಯೋಚಿಸುತ್ತ ನಿಂತಿದ್ದಾಳೆ. ಚಿತ್ರ ಬಿಡಿಸುವ ಹುಡುಗಿಗೆ ಇವಳನ್ನು ಬಿಡಿಸಲು ಹೇಳಿ ಮೇಷ್ಟ್ರೇ. ಸತ್ತವರ ಪೆಟ್ಟಿಗೆಯ ಮೇಲೆ ಇವರನ್ನು ಯಾಕೆ ಕೆತ್ತಿದರು ಅಂತ ಆಗ ಹೊಳೆದಿರಲಿಲ್ಲ. ಮೇಲಿನ ಮಾತುಗಳನ್ನು ಓದಿದ ಮೇಲೆ ಬೇರೆ ಥರ ಕಾಣುತ್ತಿದೆ.

ಮ್ಯೂಸಿಯಂ ಅನ್ನುವ ಪದವೂ ಇವರದೇ. ಮೂಸೆಯೋನ್ ಅಂದರೆ ಮ್ಯೂಸ್‌ಗಳ ಗುಡಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ ಅರಸರು ಕಟ್ಟಿಸಿದ ಮೂಸೆಯೋನ್‌ನಲ್ಲಿ ವಿದ್ವಾಂಸರಿಗೆ ಅರಮನೆಯ ಖರ್ಚಿನಲ್ಲೇ ಊಟ ವಸತಿ. ಓಡಾಡಲು ನೆರಳಿನ ಹಾದಿ, ಕೂತು ಮಾತಾಡಲು ಜಗಲಿ, ಎಲ್ಲರೂ ಒಟ್ಟಿಗೆ ಉಣ್ಣುವ ದೊಡ್ಡ ಮನೆ, ಮೇಲೆ ಒಬ್ಬ ಪೂಜಾರಿ, ಹೀಗೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ವರ್ಣಿಸಿದ್ದಾನೆ. ಟೈಮನ್ ಅನ್ನುವ ಕವಿಗೆ ಇದು ಸೇರಲಿಲ್ಲ. ಮ್ಯೂಸ್‌ಗಳ ಪಂಜರದಲ್ಲಿ ಮೇವು ತಿಂದು ಕಚ್ಚಾಡುವವರು ಅಂತ ಆ ಪಂಡಿತರನ್ನು ಹಂಗಿಸಿದ.

ಸಂಸ್ಕೃತ ವಿದ್ಯಾರ್ಥಿ

ಗ್ರೀಸ್‌ನ ಶಾಲೆಗಳಲ್ಲಿ ಇವರಿಗೆ ಪೂಜೆ ಇತ್ತೇ? ನಮ್ಮಲ್ಲಿ ಪುಸ್ತಕ ಇಟ್ಟು ಶಾರದಾ ಪೂಜೆ ಮಾಡುವ ಹಾಗೆ?

ಗ್ರೀಕ್ ಓದುಗಿ

ಹಬ್ಬವಂತೂ ಇತ್ತು. ಕ್ರಿ.ಪೂ. 4ನೇ ಶತಮಾನದ ಆಥೆನ್ಸಿನ ಭಾಷಣಕಾರ ಈಸ್ಕಿನೀಸ್, ಶಾಲೆಗಳಲ್ಲಿ ಮ್ಯೂಸ್‌ಗಳ ಹಬ್ಬ, ಗರಡಿಮನೆಗಳಲ್ಲಿ ಹರ್ಮಿಸ್ ದೇವರ ಹಬ್ಬ ನಡೆಯುವ ವಿಷಯ ಎತ್ತುತ್ತಾನೆ. ತತ್ವಜ್ಞಾನಿ ಪ್ಲೇಟೋ ನಡೆಸುತ್ತಿದ್ದ ಅಕಾಡೆಮಿ ಶಾಲೆಯಲ್ಲೂ ಮ್ಯೂಸ್‌ಗಳ ಗುಡಿ ಇತ್ತು. ಹೆಲಿಕಾನ್ ಕಣಿವೆಯಲ್ಲಿ ಥೆಸ್ಪಿಯೆ ಊರಿನವರು ಹಾಡು, ಕಾವ್ಯದ ಸ್ಪರ್ಧೆ ಇಟ್ಟು ದೊಡ್ಡ ಉತ್ಸವ ಮಾಡುತ್ತಿದ್ದರು. ಅಲ್ಲಿದ್ದ ಮ್ಯೂಸ್ ವಿಗ್ರಹಗಳನ್ನು ರೋಮಿನ ಚಕ್ರವರ್ತಿ ಕಾನ್‌ಸ್ಟಾಂಟೀನ್ ತನ್ನ ಹೊಸ ರಾಜಧಾನಿಗೆ ಒಯ್ದ. ಅದನ್ನು ನೆನೆದರೆ ನನಗೆ ಈಗಲೂ ಸಂಕಟ.

ಭಿತ್ತಿಪತ್ರಿಕೆ ಮೇಷ್ಟ್ರು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ನಾಲ್ಕೂ ಪುಟ ಪ್ರಿಂಟ್ ತೆಗೆಸಿಕೊಂಡು ಹೋಗಿ ತರಗತಿಯಲ್ಲಿ ಓದಿದೆ. ತಲೆಬರಹ ಬದಲಾಯಿಸಿದೆವು. ‘ನೆನಪಿನ ಮಕ್ಕಳು: ಗ್ರೀಕರ ಮ್ಯೂಸ್ ದೇವಿಯರು’ ಅಂತ ಇಟ್ಟಿದ್ದೇವೆ. ಅಥೀನಾ ಚಿತ್ರ ತೆಗೆದಿಲ್ಲ, ಪಕ್ಕದಲ್ಲಿ ಬಿಸಾಡಿದ ಕೊಳಲು ಸೇರಿಸಿದ್ದಾಳೆ. ಗಲ್ಲಕ್ಕೆ ಕೈ ಕೊಟ್ಟ ಪಾಲಿಹಿಮ್ನಿಯಾಗೆ ಇನ್ನೂ ಬಣ್ಣ ತುಂಬುತ್ತಿದ್ದಾಳೆ. ಅಭ್ಯಾಸ, ನೆನಪು, ಹಾಡು ಅನ್ನುವ ಮೂರು ಹೆಸರನ್ನು ಮಕ್ಕಳು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ.

ಹುಡುಗಿ ಇನ್ನೊಂದು ಪ್ರಶ್ನೆ ಕಳಿಸಿದ್ದಾಳೆ. “ಸರ್, ನೆನಪು ತಾಯಿ ಆದರೆ, ಮರೆವು ಯಾರ ಮಗಳು?”

ಗ್ರೀಕ್ ಓದುಗಿ

ಅವಳಿಗೆ ಹೇಳಿ, ಗ್ರೀಕರಿಗೆ ಮರೆವೂ ದೇವತೆಯೇ. ಹೆಸರು ಲೀಥೆ. ಹೆಸಿಯೋಡ್ ಅವಳನ್ನು ಎರಿಸ್‌ಳ, ಅಂದರೆ ಜಗಳದ ದೇವತೆಯ ಮಗಳು ಅನ್ನುತ್ತಾನೆ. ಹಸಿವು, ನೋವು, ಸುಳ್ಳುಮಾತು ಅವಳ ಒಡಹುಟ್ಟುಗಳು.

ಆದರೆ ಹೆಲಿಕಾನಿನಿಂದ ದೂರವಲ್ಲದ ಲೆಬಡೆಯಾ ಊರಿನಲ್ಲಿ ನೆನಪು ಮರೆವು ಅಕ್ಕಪಕ್ಕದ ನೀರು. ಅಲ್ಲಿ ನೆಲದೊಳಗಿನ ಗವಿಗೆ ಇಳಿದು ಟ್ರೊಫೋನಿಯಸ್ ಅನ್ನುವ ದೈವದ ಕಣಿ ಕೇಳುತ್ತಿದ್ದರು. ಇಳಿಯುವ ಮುಂಚೆ ಮೊದಲು ಲೀಥೆಯ ನೀರು ಕುಡಿಸುತ್ತಿದ್ದರು, ಅಲ್ಲಿಯವರೆಗೆ ತಲೆಯಲ್ಲಿದ್ದುದೆಲ್ಲ ಮರೆಯಲಿ ಅಂತ. ಆಮೇಲೆ ಮ್ನೆಮೊಸಿನೆಯ ನೀರು, ಒಳಗೆ ಕಾಣುವುದು ನೆನಪಿರಲಿ ಅಂತ. ಮೇಲೆ ಬಂದವರನ್ನು ಪೂಜಾರಿಗಳು ನೆನಪಿನ ಪೀಠ ಅನ್ನುವ ಆಸನದ ಮೇಲೆ ಕೂರಿಸಿ, ಏನು ಕಂಡೆ, ಏನು ಕೇಳಿದೆ ಅಂತ ವಿಚಾರಿಸುತ್ತಿದ್ದರು. ಇದನ್ನು ಬರೆದ ಪೌಸಾನಿಯಸ್ ತಾನೇ ಇಳಿದು ಬಂದವನು. ಬಂದವರೆಲ್ಲ ತಾವು ಕಂಡದ್ದನ್ನು ಹಲಗೆಯ ಮೇಲೆ ಬರೆದಿಟ್ಟೇ ಹೋಗಬೇಕಿತ್ತಂತೆ.

ಭಿತ್ತಿಪತ್ರಿಕೆ ಮೇಷ್ಟ್ರು

ಈಗಲೇ ಅವಳ ಅಮ್ಮನ ಫೋನಿಗೆ ಕಳಿಸುತ್ತೇನೆ. ಹಾಳೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿದೆ. ಎರಡು ನೀರಿನ ಚಿತ್ರಕ್ಕೆ ಸಾಲುತ್ತದೆ.